ಹಬ್ಬದ ಬೇಸರವೋ, ಹಬ್ಬದ ಸಂತೋಷವೋ?



ಕಳೆದ ವರ್ಷ ಆಗಮನ ಕಾಲದ ಎರಡನೆಯ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಬ್ಬದ ಸಿದ್ಧತೆಗಾಗಿ ನಾವೆಲ್ಲ ಸಭೆ ಸೇರಿದ್ದೆವು. ದೇವಾಲಯದ ಮುಂದೆ ನಕ್ಷತ್ರ ಕಟ್ಟುವವರು ಯಾರು, ಮನೆಮನೆಗೆ ಹೋಗಿ ಕ್ಯಾರೆಲ್ ಹಾಡುವ ತಂಡಗಳೆಷ್ಟು, ನಡುರಾತ್ರಿಯ ಪೂಜೆಯ ನಂತರ ಕೇಕು ಹಂಚುವ ಜವಾಬ್ದಾರಿ ಯಾರದು ಎಂದು ಒಂದೊಂದೇ ತೀರ್ಮಾನವಾಗುತ್ತಿತ್ತು. ಗೋದಲಿಯ ಮಾತು ಬಂದಾಗ ಎಲ್ಲರ ಕಣ್ಣು ಒಬ್ಬ ಹಿರಿಯರ ಕಡೆ ತಿರುಗಿತು. ಇಪ್ಪತ್ತು ವರ್ಷಗಳಿಂದ ನಮ್ಮ ಗೋದಲಿಯನ್ನು ಕಟ್ಟುತ್ತಾ ಬಂದವರು ಅವರೇ. ಅವರು ಎದ್ದು ನಿಂತು, “ಸ್ವಾಮಿ, ಈ ಸಲ ನನ್ನನ್ನು ಬಿಟ್ಟುಬಿಡಿ. ನನಗೆ ಈ ಹಬ್ಬವೇ ಬೇಡವಾಗಿದೆ” ಎಂದರು. ಸಭೆ ಮೌನವಾಯಿತು.

ಸಂಜೆ ಅವರು ಗುರುನಿವಾಸಕ್ಕೆ ಬಂದು ಮನಸ್ಸು ಬಿಚ್ಚಿ ಮಾತನಾಡಿದರು. ಅವರ ಅನುಮತಿ ಪಡೆದೇ, ಹೆಸರು ಹೇಳದೆ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

“ಸ್ವಾಮಿ, ಡಿಸೆಂಬರ್ ಬಂದರೆ ಹಬ್ಬ ನಮಗಲ್ಲ, ಅಂಗಡಿಯವರಿಗೆ. ವರ್ಷವಿಡೀ ದೇವಾಲಯದ ಮೆಟ್ಟಿಲು ಹತ್ತದವರು ಆ ಒಂದು ರಾತ್ರಿ ಹೊಸ ಬಟ್ಟೆ ತೋರಿಸಲು ಬರುತ್ತಾರೆ. ಪೂಜೆ ಮುಗಿಯಿತೋ ಇಲ್ಲವೋ, ಹುಡುಗರು ಬಾಟಲಿ ಹಿಡಿಯುತ್ತಾರೆ. ಹೋದ ವರ್ಷ ಅದೇ ರಾತ್ರಿ ನನ್ನ ತಮ್ಮ ನನ್ನ ಕೈ ಹಿಡಿದು ಶಾಂತಿ ಕೋರಿದ. ಹದಿನೈದು ದಿನ ಕಳೆಯಲಿಲ್ಲ, ಜಮೀನಿನ ವಿಷಯದಲ್ಲಿ ಅವನಿಂದಲೇ ಕೋರ್ಟಿನ ನೋಟೀಸು ಬಂತು. ಇನ್ನು ಡಿಸೆಂಬರ್ 25 ಯೇಸುಸ್ವಾಮಿ ಹುಟ್ಟಿದ ದಿನವೇ ಅಲ್ಲವಂತೆ, ಮಗ ಮೊಬೈಲಿನಲ್ಲಿ ತೋರಿಸಿದ. ಹಾಗಾದರೆ ಇಪ್ಪತ್ತು ವರ್ಷ ನಾನು ಕಟ್ಟಿದ್ದೇನು?”

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಗುರುಗಳಾದ ನಾವೂ ಈ ಬೇಸರಕ್ಕೆ ಹೊರತಲ್ಲ. ಹಬ್ಬದ ಮಧ್ಯಾಹ್ನ ನಿದ್ದೆಗೆಟ್ಟ ಕಣ್ಣಿನಲ್ಲಿ ಶಾಮಿಯಾನದವರ ಬಿಲ್ಲು, ಮೈಕಿನವರ ಬಿಲ್ಲು ನೋಡುತ್ತಾ ಕುಳಿತಾಗ, ಇಷ್ಟೆಲ್ಲ ಯಾತಕ್ಕಾಗಿ ಎಂಬ ಪ್ರಶ್ನೆ ನಮ್ಮೊಳಗೂ ಎದ್ದದ್ದುಂಟು. ಆದುದರಿಂದ ಈ ಲೇಖನ ಅವರೊಬ್ಬರಿಗೆ ಮಾತ್ರವಲ್ಲ. ಹಬ್ಬವೆಂದರೆ ಒಳಗೊಳಗೇ ಮುಖ ತಿರುಗಿಸುವ ಎಲ್ಲರಿಗೆ, ಮೊದಲಿಗೆ ನಮಗೇ.

ದೂರು ಹೊಸದಲ್ಲ

ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳೋಣ. ಆ ಹಿರಿಯರು ಹೇಳಿದ್ದರಲ್ಲಿ ಸುಳ್ಳಿಲ್ಲ. ಸಾಲ ಮಾಡಿ ಹಬ್ಬ ಮಾಡುವವರಿದ್ದಾರೆ. ಕುಡಿತದಿಂದ ಹಬ್ಬದ ದಿನವೇ ಕಣ್ಣೀರು ಹಾಕುವ ತಾಯಂದಿರಿದ್ದಾರೆ. ಈ ತಪ್ಪುಗಳನ್ನು ಎತ್ತಿ ತೋರಿಸುವುದು ಅಧರ್ಮವಲ್ಲ. ಧರ್ಮಸಭೆಯ ಪಿತೃಗಳೇ ಆ ಕೆಲಸವನ್ನು ಮಾಡಿದ್ದಾರೆ.

ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ನಾಜಿಯಾನ್ಜಿನ ಸಂತ ಗ್ರೆಗೊರಿಯವರು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ನೀಡಿದ ಕ್ರಿಸ್ತಜಯಂತಿಯ ಪ್ರಬೋಧನೆ ಇಂದಿಗೂ ಉಳಿದಿದೆ. ಬಾಗಿಲಿನ ಸಿಂಗಾರ, ಬೀದಿಯ ಅಲಂಕಾರ, ಕುಣಿತ, ಮಿತಿಮೀರಿದ ಊಟ, ದುಬಾರಿ ಮದ್ಯ, ಬಟ್ಟೆಬರೆಯ ಆಡಂಬರ ಎಲ್ಲವನ್ನೂ ಅವರು ಅಲ್ಲಿ ಖಂಡಿಸುತ್ತಾರೆ. ನಮ್ಮಂತೆಯೇ ಅದೇ ಮಣ್ಣಿನಿಂದಾದ ಮನುಷ್ಯರು ಹಸಿದಿರುವಾಗ ಇದೆಲ್ಲ ಸರಿಯೇ ಎಂದು ಕೇಳುತ್ತಾರೆ. ಹದಿನಾರು ಶತಮಾನಗಳ ಹಿಂದಿನ ಈ ದೂರು ನಮ್ಮ ಊರಿನ ದೂರಿನಂತೆಯೇ ಇದೆಯಲ್ಲವೇ? ಆದರೆ ಒಂದು ವ್ಯತ್ಯಾಸವಿದೆ. ಆ ಪ್ರಬೋಧನೆಯ ಆರಂಭ ದೂರಿನಿಂದಲ್ಲ, ಕ್ರಿಸ್ತರು ಹುಟ್ಟಿದ್ದಾರೆಂಬ ಹರ್ಷೋದ್ಗಾರದಿಂದ. ಗ್ರೆಗೊರಿಯವರು ಹಬ್ಬವನ್ನು ಪ್ರೀತಿಸಿದ್ದರಿಂದಲೇ ಅದರ ಕೊಳೆಯನ್ನು ತೊಳೆಯಬಯಸಿದರು.

ಸಿನಿಕತನ ಬೇರೆಯೇ. ಅದು ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ. ಕಲ್ಲು ಸಿಕ್ಕರೆ ತೆಗೆದು ಬಿಸಾಡಿ ಮೊಸರನ್ನು ಉಣ್ಣಬಹುದು. ಸಿನಿಕನಾದವನು ಕಲ್ಲನ್ನು ಕೈಯಲ್ಲಿ ಹಿಡಿದು, ಮೊಸರನ್ನೇ ಚೆಲ್ಲುತ್ತಾನೆ.

ಡಿಸೆಂಬರ್ 25ರ ಪ್ರಶ್ನೆ

ಯುವಕರು ಪದೇ ಪದೇ ಕೇಳುವ ಪ್ರಶ್ನೆ ಇದು. ಯೇಸುಸ್ವಾಮಿ ಹುಟ್ಟಿದ ತಿಂಗಳನ್ನಾಗಲಿ ದಿನವನ್ನಾಗಲಿ ಶುಭಸಂದೇಶಗಳು ಹೇಳುವುದಿಲ್ಲ. ಇದನ್ನು ಮುಚ್ಚಿಡಬೇಕಾದ ಅಗತ್ಯವೂ ಇಲ್ಲ. ಕ್ರಿ.ಶ. 354ರಲ್ಲಿ ರೋಮಿನಲ್ಲಿ ಸಂಗ್ರಹಿಸಲಾದ ಒಂದು ಪಂಚಾಂಗದಲ್ಲಿ ಡಿಸೆಂಬರ್ 25ರಂದು ಕ್ರಿಸ್ತರ ಜನನದ ಉಲ್ಲೇಖ ಸ್ಪಷ್ಟವಾಗಿ ಸಿಗುತ್ತದೆ.

ಆ ದಿನವನ್ನೇ ಏಕೆ ಆರಿಸಿಕೊಂಡರೆಂಬುದಕ್ಕೆ ವಿದ್ವಾಂಸರು ಎರಡು ಮುಖ್ಯ ವಿವರಣೆಗಳನ್ನು ಕೊಡುತ್ತಾರೆ. ಮೊದಲನೆಯದು ಸೂರ್ಯನ ಉತ್ಸವದ್ದು. ಚಕ್ರವರ್ತಿ ಔರೇಲಿಯನ್ 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ದೇವಾಲಯ ಕಟ್ಟಿಸಿ ಆ ಪೂಜೆಗೆ ಪ್ರಾಧಾನ್ಯ ಕೊಟ್ಟನು. ಸೂರ್ಯನ ಹಬ್ಬಕ್ಕೆ ಎದುರಾಗಿ ಕ್ರೈಸ್ತರು ನಿಜವಾದ ಬೆಳಕಿನ ಹಬ್ಬವನ್ನು ಆಚರಿಸಿದರು ಎಂಬುದು ಈ ವಾದ. ಎರಡನೆಯದು ಲೆಕ್ಕಾಚಾರದ್ದು. ಪ್ರಭು ಮಾತೆ ಮರಿಯಳ ಉದರದಲ್ಲಿ ಮನುಷ್ಯರಾದದ್ದು ಮಾರ್ಚ್ 25ರಂದು ಎಂದು ಹಲವರು ಎಣಿಸಿದ್ದರು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಡಿಸೆಂಬರ್ 25. ಯಾವುದು ಸರಿ ಎಂಬ ಚರ್ಚೆ ಇನ್ನೂ ನಡೆದಿದೆ.

ನಮ್ಮ ಹಳ್ಳಿಗಳಲ್ಲಿ ಎಷ್ಟೋ ಅಜ್ಜ ಅಜ್ಜಿಯರ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಒಂದು ತಾರೀಖು ಬರೆದುಕೊಂಡರು. ಅದೇ ಇಂದಿಗೂ ಆಧಾರ್ ಕಾರ್ಡಿನಲ್ಲಿದೆ. ಆ ತಾರೀಖಿನಂದು ಮೊಮ್ಮಕ್ಕಳು ಕೇಕು ತಂದರೆ, “ಇದು ನಿಜವಾದ ದಿನವಲ್ಲ” ಎಂದು ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಾರೆಯೇ? ದಿನ ಗೊತ್ತಿಲ್ಲದಿದ್ದರೂ ಅಜ್ಜಿ ಹುಟ್ಟಿದ್ದು ನಿಜ, ನಮ್ಮ ನಡುವೆ ಇರುವುದು ನಿಜ. ನಾವು ಆಚರಿಸುವುದು ತಾರೀಖನ್ನಲ್ಲ, ಒಬ್ಬ ವ್ಯಕ್ತಿಯನ್ನು. ದೇವರ ವಾರ್ತೆ ಮನುಷ್ಯರಾಗಿ ನಮ್ಮ ಮಧ್ಯೆ ವಾಸಿಸಿದರು ಎಂಬುದೇ ನಮ್ಮ ವಿಶ್ವಾಸ.

ಹಬ್ಬವನ್ನೇ ನಿಲ್ಲಿಸಿದರೆ?

ಇಷ್ಟೆಲ್ಲ ತಪ್ಪುಗಳಿದ್ದರೆ ಹಬ್ಬವನ್ನೇ ನಿಲ್ಲಿಸಿಬಿಡಬಾರದೇಕೆ? ಚರಿತ್ರೆಯಲ್ಲಿ ಇದನ್ನೂ ಮಾಡಿ ನೋಡಿದ್ದಾರೆ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್ ಆಚರಣೆಯನ್ನು ರದ್ದುಮಾಡಿತು. ಬೈಬಲಿನಲ್ಲಿ ಈ ಹಬ್ಬದ ಅಪ್ಪಣೆಯಿಲ್ಲ, ಕುಡಿತ ಕುಣಿತಗಳೇ ಹೆಚ್ಚು ಎಂಬುದು ಪ್ಯೂರಿಟನ್ನರ ವಾದವಾಗಿತ್ತು. ಅದೇ ವರ್ಷ ಕ್ಯಾಂಟರ್ಬರಿಯಲ್ಲಿ ಇದರ ವಿರುದ್ಧ ಜನ ದಂಗೆಯೆದ್ದರು. ಅಮೆರಿಕದ ಮಸಾಚುಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡವಿತ್ತು.

ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡರೆ ಹೇಗೆ? ಇಂಗ್ಲೆಂಡಿನಲ್ಲಿ 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು. ಬಡವನಿಗೆ ವರ್ಷದಲ್ಲಿ ಒಂದು ದಿನವಾದರೂ ಹೊಟ್ಟೆ ತುಂಬುವ, ದುಡಿದ ಕೈಗೆ ಒಂದು ದಿನವಾದರೂ ಬಿಡುವು ಸಿಗುವ ಸಂತೋಷವನ್ನು ಕಾನೂನಿನಿಂದ ಅಳಿಸಲಾಗಲಿಲ್ಲ.

ಎಲ್ಲ ಗೊತ್ತಿದ್ದೂ ಹೋಗದವರು

ಸಂತ ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಗುಂಪಿದೆ. ಪೂರ್ವದಿಂದ ಬಂದ ಜ್ಞಾನಿಗಳು ಜೆರುಸಲೇಮಿನಲ್ಲಿ ಮಗುವನ್ನು ಹುಡುಕುತ್ತಾರೆ. ಹೆರೋದ ಮುಖ್ಯಯಾಜಕರನ್ನೂ ಧರ್ಮಶಾಸ್ತ್ರಿಗಳನ್ನೂ ಕರೆಸಿ ವಿಚಾರಿಸುತ್ತಾನೆ. ಅವರು ತಡವರಿಸದೆ ಪ್ರವಾದಿಯ ಗ್ರಂಥವನ್ನು ಉದ್ಧರಿಸಿ, ಬೆತ್ಲೆಹೇಮಿನಲ್ಲಿ ಎಂದು ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಸುಮಾರು ಒಂಬತ್ತು ಕಿಲೋಮೀಟರ್ ಅಷ್ಟೇ. ಅವರಲ್ಲಿ ಯಾರಾದರೂ ಹೊರಟುಹೋದರೆಂದು ಮತ್ತಾಯರು ಬರೆದಿಲ್ಲ. ದೂರದಿಂದ ಬಂದ ಪರದೇಶಿಗಳು ಹೋಗಿ ಸಾಷ್ಟಾಂಗವೆರಗಿದರು. ವಿಳಾಸ ಗೊತ್ತಿದ್ದವರು ಮನೆಯಲ್ಲೇ ಉಳಿದರು.

ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗನೂ ಹೀಗೆಯೇ. ಹೊಲದಿಂದ ಬರುವಾಗ ಮನೆಯಲ್ಲಿ ವಾದ್ಯದ ಸದ್ದು ಕೇಳಿಸುತ್ತದೆ. ಅವನು ಒಳಗೆ ಹೋಗಲು ಒಪ್ಪುವುದಿಲ್ಲ. ಅವನ ಲೆಕ್ಕ ತಪ್ಪಲ್ಲ. ತಮ್ಮ ಆಸ್ತಿ ಹಾಳುಮಾಡಿದ್ದು ನಿಜ, ತಾನು ವರ್ಷಗಟ್ಟಲೆ ದುಡಿದದ್ದೂ ನಿಜ. ಆದರೆ ಆ ನಿಜವನ್ನೆಲ್ಲ ಕಟ್ಟಿಕೊಂಡು ಅವನು ನಿಂತಿರುವುದು ಹೊರಗೆ, ಕತ್ತಲಿನಲ್ಲಿ. ತಂದೆ ಅವನನ್ನು ಬಯ್ಯುವುದಿಲ್ಲ. ತಾನೇ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಪ್ರಭು ಹೇಳದೆ ಬಿಟ್ಟಿದ್ದಾರೆ. ಆ ಉತ್ತರವನ್ನು ನಾವು ಕೊಡಬೇಕಾಗಿದೆ.

ಹಾಗಾದರೆ ವರ್ಷಕ್ಕೊಂದು ರಾತ್ರಿ ಮಾತ್ರ ಬರುವವರ ಗತಿಯೇನು? ಐದನೆಯ ಶತಮಾನದ ಪೋಪ್, ಮಹಾ ಸಂತ ಲಿಯೋರವರು ತಮ್ಮ ಕ್ರಿಸ್ತಜಯಂತಿಯ ಪ್ರಬೋಧನೆಯೊಂದರಲ್ಲಿ ಈ ಸಂತೋಷದಿಂದ ಯಾರನ್ನೂ ಹೊರಗಿಡುವುದಿಲ್ಲ. ಸಂತನೂ ಸಂತೋಷಪಡಲಿ, ಪಾಪಿಯೂ ಸಂತೋಷಪಡಲಿ, ಇನ್ನೂ ವಿಶ್ವಾಸಿಯಾಗದವನೂ ಧೈರ್ಯ ತಾಳಲಿ ಎಂಬುದು ಅವರ ಬೋಧನೆಯ ಸಾರ. ಒಂದೇ ರಾತ್ರಿ ಬಂದವನು ಹಿಂದಿನ ಸಾಲಿನಲ್ಲಿ ನಿಂತು ಗೋದಲಿಯ ಕಡೆ ಒಮ್ಮೆ ನೋಡಿದರೆ, ಆ ನೋಟದಲ್ಲಿ ದೇವರು ಏನು ಮಾಡುತ್ತಾರೆಂದು ನಮಗೆ ಗೊತ್ತೇ?

ಮೆಟ್ಟಿಲ ಮೇಲೆ ನಿಂತ ಹುಡುಗಿ

1886ರ ಕ್ರಿಸ್ಮಸ್ ರಾತ್ರಿ. ಫ್ರಾನ್ಸಿನ ಲಿಸ್ಯೂ ಪಟ್ಟಣದಲ್ಲಿ ಒಂದು ಕುಟುಂಬ ನಡುರಾತ್ರಿಯ ಬಲಿಪೂಜೆ ಮುಗಿಸಿ ಮನೆಗೆ ಬಂತು. ಆ ಮನೆಯ ಕೊನೆಯ ಮಗಳಿಗೆ ಹದಿನಾಲ್ಕು ತುಂಬಲು ಕೆಲವೇ ದಿನ ಬಾಕಿ. ನಾಲ್ಕು ವರ್ಷದವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡಿದ್ದ ಅವಳು ಸಣ್ಣ ಮಾತಿಗೂ ಅಳುತ್ತಿದ್ದಳು. ಹಬ್ಬದ ರಾತ್ರಿ ಮಕ್ಕಳ ಬೂಟುಗಳಲ್ಲಿ ಉಡುಗೊರೆ ತುಂಬಿ ಬೆಂಕಿಗೂಡಿನ ಬಳಿ ಇಡುವುದು ಅಲ್ಲಿನ ವಾಡಿಕೆ. ದಣಿದಿದ್ದ ತಂದೆ ಆ ಬೂಟುಗಳನ್ನು ನೋಡಿ, ಸದ್ಯ ಇದು ಕೊನೆಯ ವರ್ಷ ಎಂಬರ್ಥದ ಮಾತನ್ನು ಬೇಸರದಿಂದ ಆಡಿದರು. ಮೆಟ್ಟಿಲು ಹತ್ತುತ್ತಿದ್ದ ಮಗಳ ಕಿವಿಗೆ ಅದು ಬಿತ್ತು. ಅವಳ ಕಣ್ಣು ತುಂಬಿದ್ದನ್ನು ಕಂಡ ಅಕ್ಕ ಸೆಲಿನ್, ಈಗಲೇ ಕೆಳಗೆ ಹೋಗಬೇಡ ಎಂದಳು.

ಅವಳು ಕಣ್ಣೀರನ್ನು ನುಂಗಿಕೊಂಡಳು. ಕೆಳಗಿಳಿದು ತಂದೆಯ ಮುಂದೆ ಕುಳಿತು, ಏನೂ ಕೇಳಿಸಿಕೊಳ್ಳದವಳಂತೆ ಒಂದೊಂದೇ ಉಡುಗೊರೆಯನ್ನು ನಗುನಗುತ್ತಾ ಹೊರತೆಗೆದಳು. ತಂದೆಯ ಮುಖದಲ್ಲೂ ನಗು ಮರಳಿತು. ಆ ಹುಡುಗಿಯೇ ಬಾಲಯೇಸುವಿನ ಸಂತ ತೆರೇಸಾ. 1925ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. ಆ ರಾತ್ರಿಯನ್ನು ಅವರು ತಮ್ಮ ಆತ್ಮಚರಿತ್ರೆಯಲ್ಲಿ ತಮ್ಮ ಪರಿಪೂರ್ಣ ಪರಿವರ್ತನೆಯ ರಾತ್ರಿಯೆಂದು ನೆನೆಯುತ್ತಾರೆ. ತಮ್ಮನ್ನು ಮರೆತು ಇತರರನ್ನು ಸಂತೋಷಪಡಿಸುವ ಆಸೆ ಅಂದು ತಮ್ಮ ಹೃದಯವನ್ನು ಹೊಕ್ಕಿತೆಂದು ಹೇಳುತ್ತಾರೆ.

ಇನ್ನೊಂದು ಸಂಗತಿಯನ್ನೂ ನೆನೆಯೋಣ. ಬೇಸರದ ಮಾತಾಡಿದ ಆ ತಂದೆ ಲೂಯಿ ಮಾರ್ಟಿನ್‌ರವರಿಗೂ ಪತ್ನಿ ಜೆಲಿಯವರೊಂದಿಗೆ 2015ರಲ್ಲಿ ಸಂತ ಪದವಿ ಲಭಿಸಿತು. ಸಂತರಿಗೂ ಹಬ್ಬದ ರಾತ್ರಿ ದಣಿವಾಗುತ್ತದೆ. ಬೇಸರ ಬಂತೆಂದ ಮಾತ್ರಕ್ಕೆ ನಾವು ದೇವರಿಂದ ದೂರವಾದೆವೆಂದಲ್ಲ. ಆದರೆ ಆ ಮನೆಯಲ್ಲಿ ಯಾರೋ ಒಬ್ಬರು ಮೆಟ್ಟಿಲು ಇಳಿದು ಬರಬೇಕಾಗಿತ್ತು. ಹಬ್ಬದ ಸಂತೋಷ ತಾನಾಗಿ ಉಕ್ಕಿ ಬರುವ ಭಾವನೆಯೇ ಆಗಬೇಕೆಂದಿಲ್ಲ. ಎಷ್ಟೋ ಸಲ ಅದು ಪ್ರೀತಿಗಾಗಿ ಇಡುವ ಒಂದು ಹೆಜ್ಜೆ. ದೇವಪುತ್ರರು ಇಳಿದು ಬಂದ ರಾತ್ರಿಯಲ್ಲಿ ನಾವು ಒಂದು ಮೆಟ್ಟಿಲು ಇಳಿದರೆ ಕಳೆದುಕೊಳ್ಳುವುದೇನು?

ಊಟ ಮತ್ತು ಕಣ್ಣೀರು

ಸಂತೋಷಪಡಿ ಎಂದರೆ ದುಃಖವನ್ನು ಮುಚ್ಚಿಡಿ ಎಂದಲ್ಲ. ಈ ವರ್ಷ ನಮ್ಮ ಕೆಲವು ಮನೆಗಳಲ್ಲಿ ಒಂದು ಕುರ್ಚಿ ಖಾಲಿಯಾಗಿದೆ. ಆ ಮನೆಯವರಿಗೆ ಬಲವಂತವಾಗಿ ನಗಿರಿ ಎಂದು ಧರ್ಮಸಭೆ ಹೇಳುವುದಿಲ್ಲ. ನಮ್ಮ ಪೂಜಾವರ್ಷವನ್ನೇ ನೋಡಿ. ಡಿಸೆಂಬರ್ 25ರ ಮಾರನೆಯ ದಿನವೇ ಕಲ್ಲೇಟು ತಿಂದು ಸತ್ತ ಸಂತ ಸ್ತೇಫನರ ಹಬ್ಬ. ಡಿಸೆಂಬರ್ 28ರಂದು ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ಪುಟ್ಟ ಮಕ್ಕಳ ಸ್ಮರಣೆ. ತೊಟ್ಟಿಲ ಪಕ್ಕದಲ್ಲೇ ರಕ್ತ, ಕಣ್ಣೀರು. ಲೋಕ ಕೆಟ್ಟಿದೆಯೆಂದು ಸಿನಿಕರು ನಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕೆಟ್ಟಿರುವುದರಿಂದಲೇ ಪ್ರಭು ಬಂದರು. ಗಾಜಾದ ಯುದ್ಧದಿಂದಾಗಿ 2023ರಲ್ಲಿ ಬೆತ್ಲೆಹೇಮಿನ ಬೀದಿಗಳಲ್ಲಿ ದೀಪಾಲಂಕಾರವಾಗಲಿ ಮೆರವಣಿಗೆಯ ಸಡಗರವಾಗಲಿ ಇರಲಿಲ್ಲ. ಆದರೆ ನಡುರಾತ್ರಿಯ ಬಲಿಪೂಜೆ ನಿಲ್ಲಲಿಲ್ಲ. ಎಲ್ಲ ಅಲಂಕಾರ ಹೋದ ಮೇಲೂ ಉಳಿಯುವುದೇ ಹಬ್ಬದ ತಿರುಳು.

ಈ ಎರಡನ್ನೂ, ಊಟವನ್ನೂ ಕಣ್ಣೀರನ್ನೂ, ಒಟ್ಟಿಗೆ ಹಿಡಿದವರು ಅಸ್ಸಿಸಿಯ ಸಂತ ಫ್ರಾನ್ಸಿಸರು. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಹುಲ್ಲು ಹಾಸಿ, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿದರು. ಜನ ಪಂಜು ಹಿಡಿದು ಬಂದರು. ಆ ಮೇವಿನ ತೊಟ್ಟಿಯ ಬಳಿಯೇ ಬಲಿಪೂಜೆ ನಡೆಯಿತು. ನಮ್ಮ ಮನೆಮನೆಯ ಗೋದಲಿಗಳಿಗೆ ಆ ರಾತ್ರಿಯೇ ಪ್ರೇರಣೆ. ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಊರಿಗೆ ಹೋಗಿ, ಗೋದಲಿಯ ಅರ್ಥವನ್ನು ಕುರಿತ ಪತ್ರಕ್ಕೆ ಸಹಿ ಹಾಕಿದರು.

ಸಂತ ಫ್ರಾನ್ಸಿಸರ ಚರಿತ್ರೆ ಬರೆದ ಚೆಲಾನೋದ ಥಾಮಸ್ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿ ಹೇಳುತ್ತಾರೆ. ಶುಕ್ರವಾರ ಕ್ರಿಸ್ಮಸ್ ಬಂದರೆ ಮಾಂಸ ತಿನ್ನಬಹುದೇ ಎಂಬ ಮಾತು ಬಂದಾಗ, ಅಂಥ ದಿನ ಗೋಡೆಗಳೂ ಮಾಂಸ ತಿನ್ನಲಿ, ತಿನ್ನಲಾಗದಿದ್ದರೆ ಅವುಗಳಿಗೆ ಸವರಿಯಾದರೂ ಬಿಡಿ ಎಂಬರ್ಥದಲ್ಲಿ ಸಂತರು ಉತ್ತರಿಸಿದರು. ಅಂದು ಶ್ರೀಮಂತರು ಬಡವರಿಗೆ ಹೊಟ್ಟೆತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೂ ಹೆಚ್ಚಿನ ಮೇವು ಹಾಕಬೇಕು ಎಂಬುದು ಅವರ ಆಸೆಯಾಗಿತ್ತು. ಅದೇ ಸಂತರು ಒಮ್ಮೆ ಊಟಕ್ಕೆ ಕುಳಿತಿದ್ದಾಗ, ಸಹೋದರನೊಬ್ಬ ಮಾತೆ ಮರಿಯಳ ಬಡತನವನ್ನು ನೆನಪಿಸಿದ. ಅವರು ಅಳುತ್ತಾ ಮೇಜಿನಿಂದ ಎದ್ದು, ಬರಿ ನೆಲದ ಮೇಲೆ ಕುಳಿತು ಉಳಿದ ರೊಟ್ಟಿಯನ್ನು ತಿಂದರು. ಸಿನಿಕನಿಗೆ ಈ ಊಟವೂ ಇಲ್ಲ, ಈ ಕಣ್ಣೀರೂ ಇಲ್ಲ. ಕುಡಿದು ಮೈಮರೆಯುವವನಿಗೂ ಅಷ್ಟೇ.

ಈ ಹಬ್ಬಕ್ಕೆ ನಾವೇನು ಮಾಡೋಣ?

ಮೊದಲನೆಯದು, ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ. ಜನವರಿಯಲ್ಲಿ ಸಾಲಗಾರರ ಮುಖ ತಪ್ಪಿಸಿ ಓಡಾಡುವಂತೆ ಮಾಡುವ ಹಬ್ಬ ಪ್ರಭುವಿನ ಹಬ್ಬವಲ್ಲ.

ಎರಡನೆಯದು, ಕರಾವಳಿಯ ಮನೆಗಳಲ್ಲಿ ಕುಸ್ವಾರ್, ನಮ್ಮ ಕಡೆ ಕಜ್ಜಾಯ, ಚಕ್ಕುಲಿ, ಕಲ್ಕಲ. ಏನೇ ಮಾಡಿರಲಿ, ಮೊದಲ ತಟ್ಟೆ ಸಾವಾದ ಮನೆಗೆ, ಕಾಯಿಲೆಯವರ ಮನೆಗೆ ಹೋಗಲಿ. ದೀಪಾವಳಿಗೂ ರಂಜಾನಿಗೂ ನಮ್ಮನ್ನು ಮರೆಯದ ನೆರೆಯವರ ಮನೆಗೂ ಹೋಗಲಿ.

ಮೂರನೆಯದು, ಗೋದಲಿಯನ್ನು ಮಕ್ಕಳ ಕೈಯಿಂದಲೇ ಕಟ್ಟಿಸೋಣ. ಕುರುಬರು ಓರೆಯಾಗಿ ನಿಂತರೂ ಚಿಂತೆಯಿಲ್ಲ. ಕಟ್ಟುವಾಗ ಕಥೆ ಹೇಳಿದರೆ ಸಾಕು.

ನಾಲ್ಕನೆಯದು, ಮುರಿದ ಸಂಬಂಧದ ಕಡೆ ಒಂದು ಹೆಜ್ಜೆ ಇಡೋಣ. ಎಲ್ಲವೂ ಒಂದೇ ರಾತ್ರಿಯಲ್ಲಿ ಸರಿಹೋಗದು. ಬೆತ್ಲೆಹೇಮಿನ ಮಗುವೂ ಒಂದೇ ರಾತ್ರಿಯಲ್ಲಿ ಬೆಳೆಯಲಿಲ್ಲ.

ಕೊನೆಗೆ, ಆ ಹಿರಿಯರ ಮಾತು. ಅಂದು ಸಂಜೆ ನಾವು ಅವರಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಅವರ ದುಃಖವನ್ನು ಕೇಳಿಸಿಕೊಂಡೆವು, ಒಟ್ಟಿಗೆ ಪ್ರಾರ್ಥಿಸಿದೆವು. ಗೋದಲಿ ಕಟ್ಟುವ ಕೆಲಸವನ್ನು ಹುಡುಗರಿಗೆ ವಹಿಸಿದೆವು. ಡಿಸೆಂಬರ್ 23ರ ಸಂಜೆ ಹುಡುಗರು ಮಾಡು ನಿಲ್ಲಿಸಲಾಗದೆ ಒದ್ದಾಡುತ್ತಿದ್ದಾಗ, ಅವರು ಹೆಗಲ ಮೇಲೆ ಹುಲ್ಲಿನ ಕಟ್ಟು ಹೊತ್ತು ಬಂದರು. “ಹಬ್ಬಕ್ಕಲ್ಲ ಸ್ವಾಮಿ, ಈ ಮಕ್ಕಳಿಗೋಸ್ಕರ” ಎಂದರು. ರಾತ್ರಿ ಹನ್ನೊಂದರವರೆಗೂ ಕೆಲಸ ಮಾಡಿದರು. ಹಬ್ಬದ ದಿನ ಅವರ ಹೆಂಡತಿ ಕಜ್ಜಾಯದ ಡಬ್ಬಿಯೊಂದನ್ನು ತಮ್ಮನ ಮನೆಗೆ ಕಳುಹಿಸಿದರು. ಡಬ್ಬಿ ಖಾಲಿಯಾಗಿ ಹಿಂದಿರುಗಲಿಲ್ಲ, ಅದರಲ್ಲಿ ಚಕ್ಕುಲಿಯಿತ್ತು. ಮೊಕದ್ದಮೆ ಇನ್ನೂ ನಡೆದಿದೆ. ಆದರೆ ಈ ವರ್ಷದ ಸಭೆಯಲ್ಲಿ ಗೋದಲಿಯ ಮಾತು ಬಂದಾಗ ಅವರು ತಾವಾಗಿಯೇ ಕೈ ಎತ್ತಿದರು.

ಮಕ್ಕಳಿಗೋಸ್ಕರ ಎಂದು ಅವರು ಹೇಳಿದರು. ಆ ಹುಲ್ಲಿನ ಮೇಲೆ ಮಲಗುವವನೂ ಒಂದು ಮಗುವೇ ಅಲ್ಲವೇ?

ಆ ಬಾಲಯೇಸು ನಿಮ್ಮ ಮನೆಗಳಿಗೂ ಬರಲಿ. ದಣಿದವರಿಗೆ ವಿಶ್ರಾಂತಿಯನ್ನೂ ದುಃಖಿತರಿಗೆ ಸಾಂತ್ವನವನ್ನೂ ಹೊರಗೆ ನಿಂತವರಿಗೆ ಒಳಗೆ ಬರುವ ಮನಸ್ಸನ್ನೂ ದಯಪಾಲಿಸಲಿ. ಸರ್ವರಿಗೂ ಕ್ರಿಸ್ತಜಯಂತಿಯ ಹಾರ್ದಿಕ ಶುಭಾಶಯಗಳು.